ಜಡಿಗೇನಹಳ್ಳಿ ರಕ್ತ

ಅತ್ತೆಗೆ ಬಹುವಚನ ಕೊಡಲು ನನಗೆ ಈಗಲೂ ಮನಸ್ಸು ಬರುವುದಿಲ್ಲ. ಅವಳು ನಮ್ಮಪ್ಪನ ಒಡಹುಟ್ಟಿದ ಅಕ್ಕ. ಸಂಬಂಧ ಕೈತಪ್ಪಬಾರದೆಂದು ತನ್ನ ಮಗನಿಗೆ ನನ್ನನ್ನೇ ಸೂಲಿಬೆಲೆಗೆ ತಂದುಕೊಂಡಳು. ನನ್ನ ಮೊದಲ ಮಗ ನಾಲ್ಕು ವರ್ಷದವನಿದ್ದಾಗ ಜ್ವರ ಬಂದು, ಕತ್ತು ಸೆಟೆದು, ಎರಡೇ ದಿನಕ್ಕೆ ಹೋಗಿಬಿಟ್ಟ. ಕೂಸನ್ನು ಮಣ್ಣು ಮಾಡಿ ಬಂದವರು ಕಾಲು ತೊಳೆಯುವ ಮೊದಲೇ ಅತ್ತೆ ಶುರು ಮಾಡಿದಳು.

"ನಮ್ ವಂಶ್ದಲ್ಲಿ ಇಂಥದ್ದಿಲ್ಲ ಕಣೇ. ಎಲ್ಲಾ ನಿಮ್ಮವ್ವನ ಕಡೇದು. ಆ ಜಡಿಗೇನಹಳ್ಳಿ ರಕ್ತಾನೇ ಕೆಟ್ಟದ್ದು."

ಜಡಿಗೇನಹಳ್ಳಿ ನಮ್ಮವ್ವನ ತವರು. ನಾಲ್ಕು ಜನ ಸೇರಿದ ಕಡೆಯೆಲ್ಲ ಅತ್ತೆಯದು ಇದೇ ಪುರಾಣ. ಅವ್ವ ನಮ್ಮ ಮನೆ ಹೊಸಿಲು ತುಳಿಯುವುದನ್ನೇ ಬಿಟ್ಟಳು.

ಎರಡನೆಯವನಿಗೂ ಅದೇ ಜ್ವರ ಬಂತು, ಒಂದಲ್ಲ, ಮೂರು ಸಲ. ಎರಡು ಸಲ ಊರಿನ ಆಸ್ಪತ್ರೆಯ ಸೂಜಿಗೇ ಹೇಗೋ ಇಳಿಯಿತು. ಮೂರನೆಯ ಸಲ ಯಾರನ್ನೂ ಕೇಳದೆ ಎತ್ತಿಕೊಂಡು ಬೆಂಗಳೂರಿನ ಬಸ್ಸು ಹತ್ತಿದೆ. ಹುಡುಗ ಉಳಿದ. ಅವನ ರಕ್ತವನ್ನು ಎಲ್ಲಿಗೋ ಕಳಿಸಿದ್ದ ಡಾಕ್ಟರು ಕೆಲವು ತಿಂಗಳ ಮೇಲೆ ನನ್ನನ್ನು ಕರೆಸಿದರು.

"ರೋಗಾಣುನ ಒಡೆದು ಹಾಕೋ ಒಂದು ಅಂಶ ಇವನ ರಕ್ತದಲ್ಲಿ ಹುಟ್ಟಿನಿಂದ್ಲೇ ಇಲ್ಲಮ್ಮ. ಈ ದೋಷ ಅಪ್ಪ ಅಮ್ಮ ಇಬ್ಬರ ಕಡೆಯಿಂದ್ಲೂ ಬಂದ್ರೇನೇ ಹೀಗಾಗೋದು. ಸಂಬಂಧದಲ್ಲೇ ಮದುವೆ ಆಗಿದ್ದೀರಾ? ಇನ್ಮೇಲೆ ಜ್ವರ ಅಂದ ತಕ್ಷಣ ಕರ್ಕೊಂಡು ಬಂದ್ಬಿಡಿ."

ಇಬ್ಬರ ಕಡೆಯಿಂದಲೂ! ನನ್ನ ಗಂಡನಲ್ಲಿ ಜಡಿಗೇನಹಳ್ಳಿಯದು ಒಂದು ತೊಟ್ಟು ರಕ್ತವಿಲ್ಲ. ನಮ್ಮಿಬ್ಬರಿಗೂ ಸೇರಿದ್ದು ಅತ್ತೆ ಹುಟ್ಟಿದ ಮನೆಯ ರಕ್ತ. ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ನಗು ಬಂತು, ಥೂ! ಮನೆಯಲ್ಲಿ ಉಸಿರೆತ್ತಲಿಲ್ಲ. ಕಾದೆ.

ನಾದಿನಿಯ ಮಗಳಿಗೆ ಹೆಸರಿಡುವ ದಿನ ನೆಂಟರೆಲ್ಲ ನಡುಮನೆಯಲ್ಲಿ ತುಂಬಿದ್ದರು. ಅತ್ತೆ ಆ ಕೂಸನ್ನು ತಂದು ನನ್ನ ಮಡಿಲಿಗೆ ಹಾಕಿದಳು.

"ತಗಳೇ, ನಿನ್ ಸೊಸೆ. ನಿನ್ ಮಗನಿಗೇ ಇವ್ಳು."

ಕೂಸನ್ನು ಎತ್ತಿ ಅವಳ ಕೈಗೇ ಕೊಟ್ಟೆ. "ಬ್ಯಾಡ ಅತ್ತೆ. ರಕ್ತ ಕೆಟ್ಟದ್ದು."

"ಯಾರ್ದೇ?"

"ನಿಮ್ದು."

ಡಾಕ್ಟರು ಹೇಳಿದ್ದನ್ನು ಒಂದಕ್ಷರ ಬಿಡದೆ ಎಲ್ಲರೆದುರು ಹೇಳಿದೆ. ಅವಳ ಮುಖ ಕಪ್ಪಿಟ್ಟಿತು. ಎಂಥ ಸುಖ ಅದು, ಸುಳ್ಳೇಕೆ ಹೇಳಲಿ? ಅತ್ತೆ ಗೋಡೆಗೆ ಒರಗಿ ಕೂತು ಮೆಲ್ಲಗೆ ಅಂದಳು:

"ನಿಮ್ಮಪ್ಪ ಹುಟ್ಟೋಕ್ ಮುಂಚೆ ನಮ್ ತಮ್ಮಂದಿರಿಬ್ರು ಹಿಂಗೇ ಕತ್ತು ಸೆಟ್ಕೊಂಡು ಹೋದ್ರು."

ಅಂದರೆ ಅವಳಿಗೆ ಈ ಕಾಯಿಲೆಯ ಗುರುತು ಮೊದಲೇ ಗೊತ್ತಿತ್ತು. ನನ್ನ ಚೊಚ್ಚಲ ಮಗ ಕತ್ತು ಬಗ್ಗಿಸಲಾರದೆ ಕಿರುಚಿಕೊಂಡಾಗ ಆ ಒಂದು ಮಾತು ಅಂದಿದ್ದರೆ, ಆವತ್ತೇ ಬಸ್ಸು ಹತ್ತುತ್ತಿದ್ದೆ. ಅತ್ತೆ ಸತ್ತಾಗ ಎಲ್ಲರೂ ಬಾಯಿಗೆ ನೀರು ಬಿಟ್ಟರು. ನಾನು ಬಿಡಲಿಲ್ಲ.