ಕುಲಕರ್ಣಿಯವರ ‘ಚಲೋ’

ನೊಯ್ಡಾದ ನಮ್ಮ ಆಫೀಸಿನಲ್ಲಿ ಪ್ರೋಗ್ರಾಮ್ ತಿದ್ದಿ ಕಮಿಟ್ ಮಾಡುವಾಗಲೆಲ್ಲ, ಅಂದರೆ ತಿದ್ದಿದ್ದನ್ನು ದಾಖಲಿಸುವಾಗಲೆಲ್ಲ, ಏನು ತಿದ್ದಿದೆವು ಅಂತ ಒಂದು ಸಾಲು ಬರೆಯಬೇಕಿತ್ತು. ಅದನ್ನು ಬರೆಯುವ ಪುಟ್ಟ ಎಡಿಟರನ್ನು ಸುಧಾರಿಸುವ ಕೆಲಸ ನನ್ನ ಪಾಲಿಗೆ ಬಂತು. ಟೈಪ್ ಮಾಡುವ ಶ್ರಮ ಉಳಿಯಲಿ ಅಂತ, ಹಿಂದಿನ ಸಲ ಬರೆದದ್ದೇ ತಾನಾಗಿ ಬಂದು ಕೂರುವ ಹಾಗೆ ಮಾಡಿದೆ.

ಪಕ್ಕದ ಸೀಟಿನ ಧಾರವಾಡದ ಕುಲಕರ್ಣಿಯವರು ಅದರಲ್ಲಿ ಒಮ್ಮೆ ಖುಷಿಯಿಂದ ಇಂಗ್ಲಿಷ್ ಅಕ್ಷರದಲ್ಲಿ ‘ಚಲೋ’ ಅಂತ ಬರೆದರು. ಆಮೇಲೆ ಅಳಿಸುವ ಗೋಜಿಗೇ ಹೋಗಲಿಲ್ಲ. “ಕೆಲಸ ಚಲೋ ಆಗ್ಯದಲ್ರೀ, ಮತ್ತೇನ್ ಬರೀಬೇಕು?” ಅನ್ನೋರು.

ಮುಂದೆ ಆಫೀಸಿನಲ್ಲಿ ಜನರನ್ನು ತೆಗೆಯುವ ಕಾಲ ಬಂತು. ದಿಲ್ಲಿಯವನೇ ಆದ ಮ್ಯಾನೇಜರ್ ನನಗೆ ಸ್ಕ್ರೀನ್ ತೋರಿಸಿ ಹಿಂದಿಯಲ್ಲಿ ಅಂದ: “ನೋಡಿ, ಕುಲಕರ್ಣಿ ಪ್ರತಿ ಸಲವೂ ‘ಚಲೋ’, ಹೋಗೋಣ ಅಂತಲೇ ಬರೆದಿದ್ದಾರೆ. ಹಾಗಾದರೆ ಹೋಗಲಿ ಬಿಡಿ.”

ಧಾರವಾಡದ ಕಡೆ ಚಲೋ ಅಂದರೆ ಒಳ್ಳೆಯದು ಅಂತ ಬಿಡಿಸಿ ಹೇಳಿದೆ. “ಅಚ್ಛಾ?” ಅಂದ. ಅಷ್ಟೇ. ಕುಲಕರ್ಣಿಯವರ ಹೆಸರು ಆಗಲೇ ಮೇಲಿನವರಿಗೆ ಹೋಗಿಯಾಗಿತ್ತು.

ಅವರು ಕೆಲಸ ಬಿಟ್ಟು ಹೋದ ಮೇಲೆ ಅವರ ಕಂಪ್ಯೂಟರ್ ನನಗೇ ಬಂತು. ಎಡಿಟರ್ ತೆರೆದರೆ ‘ಚಲೋ’ ತಾನಾಗಿ ಬಂದು ಕೂತಿತು. ಅದನ್ನು ಯಾವ ಭಾಷೆಯಲ್ಲಿ ಓದಬೇಕು ಅಂತ ತೋರಿಸುವ ಸೌಲಭ್ಯ ನಾನು ಹಾಕಿರಲಿಲ್ಲ.