ನಾವು ವಾಸವಿಲ್ಲದ ಮನೆ

ಗಿರಿಜಕ್ಕ, ನಿಮ್ಮ ಮೊಮ್ಮಗಳು ಶ್ರಾವ್ಯಳ ಸೀಟು ಕಿತ್ತುಕೊಂಡವಳು ನಾನು. ಚೀಟಿ ಎತ್ತುವಾಗ ಹೋಯಿತು, ಹಣೆಬರಹ ಎಂದು ಮೂರು ವರ್ಷದಿಂದ ನೀವು ಹೇಳಿಕೊಂಡು ಬಂದಿದ್ದೀರಿ. ಹಣೆಬರಹವಲ್ಲ. ನಾನು ಸುಳ್ಳು ಹೇಳಿದ್ದೆ — ಶಾಲೆಗೆ, ಪಂಚಾಯಿತಿಗೆ, ಎಲ್ಲಕ್ಕಿಂತ ಹೆಚ್ಚಾಗಿ ನಿಮಗೆ.

ನಿಮಗೆ ಗೊತ್ತಿರುವುದನ್ನೂ ಬರೆಯುತ್ತೇನೆ. ಇದರ ಇನ್ನೊಂದು ಪ್ರತಿ ಶಾಲೆಗೂ ಹೋಗುತ್ತದೆ. ನಾವಿರುವುದು ಕುಂದಾಪುರ ಪೇಟೆಯಲ್ಲಿ. ತಲ್ಲೂರು ದಾಟಿ ಒಳಗೆ ಹೋದರೆ ಸಿಗುವ ನಿಮ್ಮ ಊರಿನ ಸರ್ಕಾರಿ ಶಾಲೆಯಲ್ಲಿ ಒಂದನೇ ಕ್ಲಾಸಿಗೆ ಇಂಗ್ಲಿಷ್ ಮಾಧ್ಯಮ ಬಂತು. ಮೂವತ್ತೇ ಸೀಟು, ಊರಿನ ಮಕ್ಕಳಿಗೆ ಮೊದಲ ಹಕ್ಕು. ನಿಮ್ಮ ಪಕ್ಕದಲ್ಲಿ ನನ್ನ ಗಂಡನ ಸೋದರಮಾವನ ಮನೆ ಬೀಗ ಹಾಕಿಕೊಂಡು ಬಿದ್ದಿತ್ತು. ಮಾವ ಮುಂಬೈಯಲ್ಲಿ ಕ್ಯಾಂಟೀನ್ ನಡೆಸುತ್ತಾರೆ. ಬೀಗದ ಕೈ ನಿಮ್ಮ ಹತ್ತಿರ. ವಾರಕ್ಕೊಮ್ಮೆ ಗುಡಿಸಿ, ದೇವರಿಗೆ ದೀಪ ಇಟ್ಟು ಬರುತ್ತಿದ್ದವರು ನೀವೇ. ಆ ಮನೆಯ ಬಾಡಿಗೆದಾರರು ಎಂದು ನಾವು ಕಾಗದ ಮಾಡಿಸಿಕೊಂಡೆವು.

ಶಾಲೆಯವರು ಮನೆ ನೋಡಲು ಬರುತ್ತಾರೆ ಎಂದು ಕೀ ಕೇಳಲು ಬಂದ ದಿನ ನೀವು ಒಂದೇ ಮಾತು ಕೇಳಿದಿರಿ. "ಕೊಡುಕೆ ಎಂತ, ಕೊಡ್ತೆ. ನಮ್ ಶ್ರಾವ್ಯಂಗ್ ಎಂತದೂ ತೊಂದ್ರೆ ಆತಿಲ್ಲ ಅಲ್ದಾ?"

"ಇಲ್ಲ ಅಕ್ಕ. ನಮ್ದ್ ಬೇರೆ ಪಟ್ಟಿ" ಎಂದೆ.

ಬೇರೆ ಪಟ್ಟಿ ಇರಲಿಲ್ಲ. ಅದು ನನಗೆ ಗೊತ್ತಿತ್ತು. ಈಗ ನೆನೆದರೆ ನನ್ನ ನಾಲಿಗೆಯ ಮೇಲೇ ಸಿಟ್ಟು ಬರುತ್ತದೆ — ಎಷ್ಟು ಸಲೀಸಾಗಿ ಹೊರಳಿತು ಅದು.

ಟೀಚರ್ ಮನೆ ನೋಡಲು ಬರುವ ದಿನ ಮಗಳ ಫ್ರಾಕುಗಳನ್ನು ಒದ್ದೆ ಮಾಡಿ ಅಂಗಳದ ಹಗ್ಗಕ್ಕೆ ಹಾಕಿದೆ. ಒಲೆಯ ಮೇಲೆ ಅನ್ನ ಇಟ್ಟೆ. ಬಾಗಿಲಲ್ಲಿ ಚಪ್ಪಲಿ ಚೆಲ್ಲಿದೆ. ಎಲ್ಲ ನೆನಪಿಟ್ಟವಳು ಬಾವಿಯನ್ನು ಮರೆತೆ. ಟೀಚರ್ ಕಣ್ಣು ನೇರ ಅಲ್ಲಿಗೇ ಹೋಯಿತು. ರಾಟೆ ತುಕ್ಕು ಹಿಡಿದಿತ್ತು, ಹಗ್ಗವೇ ಇರಲಿಲ್ಲ. ನೀರು ಸೇದದ ಮನೆಯಲ್ಲಿ ಯಾರು ಇರುತ್ತಾರೆ? ಅವರು ನನ್ನ ಮುಖ ನೋಡಿದರು.

ಆಗ ನೀವು ಬೇಲಿಯಾಚೆಯಿಂದ ಕರೆದಿರಿ. "ಹ್ವಾಯ್ ಟೀಚರೇ, ಆ ಬಾವಿ ನೀರ್ ಉಪ್ಪ್. ಅವ್ರ್ ದಿನಾ ನಮ್ ಬಾವಿ ನೀರೇ ಕೊಂಡ್ಹೋಪುದ್."

ಟೀಚರ್ ಬರೆದುಕೊಂಡು ಹೋದರು. ನಿಮ್ಮ ಬಾವಿಯಿಂದ ನಾನು ಒಂದು ಕೊಡ ನೀರೂ ಒಯ್ದವಳಲ್ಲ. ನನಗಾಗಿ ಹೇಳಿದಿರಿ — ಬೇರೆ ಪಟ್ಟಿ ಎಂಬ ನನ್ನ ಮಾತು ನಂಬಿ.

ಚೀಟಿ ಎತ್ತಿದರು. ನನ್ನ ಮಗಳ ಹೆಸರು ಮೂವತ್ತರೊಳಗೆ ಬಂತು. ಕಾಯುವವರ ಪಟ್ಟಿಯಲ್ಲಿ ಮೊದಲ ಹೆಸರು ಶ್ರಾವ್ಯ. ನೀವು ಕನ್ನಡಕ ಮರೆತು ಬಂದಿದ್ದಿರಿ, ಓದಿ ಹೇಳು ಎಂದಿರಿ. ಶ್ರಾವ್ಯಳ ಹೆಸರಷ್ಟೇ ಓದಿದೆ. "ಯಾರಾರೂ ಒಬ್ರ್ ಬಿಟ್ರೆ ನಮ್ಗ್ ಸಿಕ್ಕತ್ತಂಬ್ರ್" ಎಂದು ನನ್ನ ಕೈ ಹಿಡಿದುಕೊಂಡಿರಿ. ಆ ಒಬ್ಬಳು ನಾನೇ. ಬಿಡಲು ಹತ್ತು ದಿನ ಇತ್ತು. ಹತ್ತು ದಿನವೂ — ಇಲ್ಲ, ಬಿಡಲಿಲ್ಲ. ನನ್ನ ಗಂಡ "ಎಲ್ಲರೂ ಮಾಡ್ತ್ರ್" ಎಂದರು. ಆ ಮಾತನ್ನು ಹಿಡಿದುಕೊಂಡು ನಿಶ್ಚಿಂತೆಯಿಂದ ನಿದ್ದೆ ಮಾಡಿದೆನಲ್ಲ, ಅದಕ್ಕೆ ನನಗೆ ನನ್ನ ಮೇಲೆ ಹೇಸಿಗೆ. ಮೂವತ್ತೇ ಸೀಟು ಇಟ್ಟು ಮಕ್ಕಳ ಹೆಸರನ್ನು ಡಬ್ಬಿಯಲ್ಲಿ ಹಾಕಿ ಅಲ್ಲಾಡಿಸುವ ಸರ್ಕಾರದ ಮೇಲೂ ಸಿಟ್ಟಿದೆ. ಆದರೆ ನಿಮಗೆ ಸುಳ್ಳು ಹೇಳು ಎಂದು ಸರ್ಕಾರ ನನಗೆ ಹೇಳಿರಲಿಲ್ಲ.

ಶ್ರಾವ್ಯಳ ಅಮ್ಮ ಗೇರುಬೀಜದ ಫ್ಯಾಕ್ಟರಿಗೆ ಹೋಗುವವಳು. ಮಗಳು ಇಂಗ್ಲಿಷ್ ಕಲಿಯಲೇಬೇಕು ಎಂದು ಅವಳಿಗೆ ಹಟ. ಕೆರಾಡಿಯಲ್ಲಿರುವ ಅವಳ ತಂಗಿಯ ಮನೆ ಹತ್ತಿರದ ಶಾಲೆಯಲ್ಲಿ ಸೀಟು ಸಿಕ್ಕಿತು. ಅಲ್ಲೂ ಅದೇ ನಿಯಮ, ಮಗು ಅಲ್ಲೇ ವಾಸವಿರಬೇಕು. ನೀವು ಕಾಗದ ಮಾಡಿಸಲಿಲ್ಲ. ಆರು ವರ್ಷದ ಮಗುವನ್ನು ಬಟ್ಟೆಯ ಚೀಲದೊಂದಿಗೆ ನಿಜವಾಗಿಯೇ ಅಲ್ಲಿ ಬಿಟ್ಟು ಬಂದಿರಿ.

ಶಾಲೆಗೆ ಎಲ್ಲವನ್ನೂ ಬರೆದಿದ್ದೇನೆ. ಬಾವಿಯ ವಿಷಯದಲ್ಲಿ ನಿಮ್ಮದೇನೂ ತಪ್ಪಿಲ್ಲ, ನಾನು ಮೋಸ ಮಾಡಿದ್ದೆ ಎಂದೂ ಬರೆದಿದ್ದೇನೆ. ನನ್ನ ಮಗಳನ್ನು ತೆಗೆಯಬಹುದು. ತೆಗೆಯಲಿ. ಯಾಕೆ ಎಂದು ಅವಳು ಕೇಳಿದರೆ ನಾನೇ ಹೇಳುತ್ತೇನೆ.

ಕಳೆದ ವಾರ ನೀವು ನಗುತ್ತಲೇ ಒಂದು ಮಾತು ಹೇಳಿದಿರಿ. ಕೆರಾಡಿಯಿಂದ ಹಬ್ಬಕ್ಕೆ ಬಂದ ಶ್ರಾವ್ಯ ಎರಡನೇ ದಿನವೇ ಕೇಳಿದಳಂತೆ, "ಅಜ್ಜಿ, ನಾನ್ ಮನಿಗ್ ಯಾವತ್ತ್ ಹೋಪುದ್?"

ನಾನೂ ನಿಮ್ಮೊಂದಿಗೆ ನಕ್ಕೆ, ಗಿರಿಜಕ್ಕ. ಸೀಟನ್ನಾದರೂ ಹಿಂದೆ ಕೊಡಬಹುದು. ಆ ಮಗುವಿಗೆ ನಿಮ್ಮ ಮನೆಯನ್ನು ನಾನು ಹೇಗೆ ಹಿಂದೆ ಕೊಡಲಿ?