ಗುರುತಿನ ಪರೇಡಿಗೆ ಒಯ್ದ ಶುಂಠಿ ಚಹಾ

ಡೊಂಬಿವಲಿಯಲ್ಲಿದ್ದ ನಮ್ಮ ಭಾವನಿಗೆ ಸರಕಾರ ವಿಶೇಷ ದಂಡಾಧಿಕಾರಿ ಎಂಬ ಪದವಿ ಕೊಟ್ಟಿತ್ತು. ಸಂಬಳವಿಲ್ಲ, ಸೀಲು ಇತ್ತು. ಸೊಸೈಟಿಯವರ ಝೆರಾಕ್ಸ್ ಪ್ರತಿಗಳಿಗೆ ಅದನ್ನು ಒತ್ತುತ್ತ, ದೇಶದ ನ್ಯಾಯವೆಲ್ಲ ತಮ್ಮ ಹೆಗಲ ಮೇಲಿದೆ ಎಂದು ಅವರು ನಂಬಿದ್ದರು.

ಒಮ್ಮೆ ಪೊಲೀಸರೂ ಅದನ್ನು ನಂಬಿ, ಗುರುತಿನ ಪರೇಡು ನಡೆಸಲು ಅವರನ್ನು ಜೈಲಿಗೆ ಕರೆಸಿದರು. ಠಾಕುರ್ಲಿ ಸ್ಟೇಷನ್ನಿನ ಸೇತುವೆಯಲ್ಲಿ ಹೆಂಗಸೊಬ್ಬರ ಸರ ಕಿತ್ತ ಪ್ರಕರಣ. ಹಿಡಿದದ್ದು ಕಳವಾ ಎಂಬ ಊರಿನಲ್ಲಿದ್ದ ಕುಂದಾಪುರ ಕಡೆಯ ವೇಟರ್ ಒಬ್ಬನನ್ನು. ಅವನನ್ನು ಅವನಂತೆಯೇ ಕಾಣುವವರ ಸಾಲಿನಲ್ಲಿ ನಿಲ್ಲಿಸಬೇಕು, ಆ ಹೆಂಗಸು ಗುರುತಿಸಬೇಕು. ಅದಕ್ಕೆ ಮೊದಲು ಆಕೆಗೆ ಅವನನ್ನು ತೋರಿಸಬಾರದು. ನಿಯಮ ಇಷ್ಟೇ.

ಭಾವ ಅಕ್ಕನಿಂದ ಶುಂಠಿ ಚಹಾ ಮಾಡಿಸಿ ಫ್ಲಾಸ್ಕಿನಲ್ಲಿ ಒಯ್ದರು. "ಬೆಳಿಗ್ಗೆಯಿಂದ ಕಾಯುವವರು, ಬಾಯಿ ಒಣಗಿಸಿ ನಿಲ್ಲಿಸುದಾ?" ಆ ಹೆಂಗಸನ್ನೂ ಸೇರಿಸಿ ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ಕೊಟ್ಟರು. ವೇಟರನ ಒಂದು ಕೈ ಪೇದೆಯ ಹಿಡಿತದಲ್ಲಿ, ಇನ್ನೊಂದರಲ್ಲಿ ಲೋಟ. ಆಮೇಲೆ ಸಾಲು ನಿಂತಿತು. ಹೆಂಗಸು ನೇರ ಹೋಗಿ ಅವನನ್ನೇ ಮುಟ್ಟಿದರು. ಆಕೆಯ ನೆನಪಿನ ಶಕ್ತಿಯನ್ನು ಭಾವ ವಾರಗಟ್ಟಲೆ ಹೊಗಳಿದರು.

ಕೋರ್ಟಿನಲ್ಲಿ ಸಾಕ್ಷಿ ನುಡಿಯುವಾಗ, ಯಾರೂ ಕೇಳದಿದ್ದರೂ, ಚಹಾದ ವಿಷಯವನ್ನೂ ಹೇಳಿದರು. ವೇಟರನ ವಕೀಲರಿಗೆ ಇನ್ನೊಂದು ಕೋರ್ಟಿಗೆ ಓಡುವ ಅವಸರ. ನ್ಯಾಯಾಧೀಶರು ಅತಿಥಿ ಸತ್ಕಾರದಲ್ಲಿ ತಪ್ಪು ಕಾಣಲಿಲ್ಲ. ಸರ ಸಿಕ್ಕಿರಲಿಲ್ಲ, ಶಿಕ್ಷೆ ಸಿಕ್ಕಿತು.

ಕೇಟರಿಂಗಿನಲ್ಲಿ ಚಪಾತಿ ಲಟ್ಟಿಸುತ್ತಿದ್ದ ಅವನ ತಾಯಿ ಬೇರೆ ವಕೀಲರನ್ನು ಹಿಡಿದು ಠಾಣೆ ಪಟ್ಟಣದಲ್ಲಿದ್ದ ಮೇಲಿನ ಕೋರ್ಟಿಗೆ ಅಪೀಲು ಹಾಕಿಸಿದಳು. ಹೊಸ ವಕೀಲರು ಭಾವನ ಸಾಕ್ಷ್ಯವನ್ನೇ ಓದಿ ಕುಳಿತರು: ಪರೇಡಿಗೆ ಮೊದಲು ಎಲ್ಲರಿಗೂ ಒಟ್ಟಿಗೆ ಚಹಾ ಕೊಟ್ಟೆ. ಗುರುತಿಗೆ ಬೆಲೆಯಿಲ್ಲ, ಬಿಟ್ಟುಬಿಡಿ ಎಂದಿತು ಕೋರ್ಟು. ಅಷ್ಟರಲ್ಲಿ ಅವನು ಎರಡು ಮಳೆಗಾಲ ಜೈಲಿನಲ್ಲಿ ಕಳೆದಿದ್ದ.

"ಮನುಷ್ಯತ್ವ ತೋರ್ಸಿದ್ದೇ ತಪ್ಪಂತೆ ಮಾರಾಯಾ," ಎಂದು ಭಾವ ನನ್ನಲ್ಲಿ ಗೊಣಗಿದರು. ಮರುವಾರದ ಹೊತ್ತಿಗೆ ವರಸೆ ಬದಲಾಯಿತು: "ನನ್ನ ಸಾಕ್ಷಿಯಿಂದಲೇ ಅಲ್ವಾ ಅವ ಹೊರಗೆ ಬಂದದ್ದು?" ಕನ್ನಡ ಸಂಘದ ಸಭೆಯಲ್ಲೂ ಇದನ್ನು ಹೇಳಿ ಚಪ್ಪಾಳೆ ಗಿಟ್ಟಿಸಿದರು.

ಸುದ್ದಿ ಕಳವಾಕ್ಕೂ ಮುಟ್ಟಿತು. ಒಂದು ಭಾನುವಾರ ತಾಯಿ ಮಗನನ್ನು ಕರೆದುಕೊಂಡು ಬಂದಳು. ಅಂದು ನಾನೂ ಅಲ್ಲಿದ್ದೆ.

"ಸಾಹೇಬ್ರೇ, ನಿಮ್ಮ ಚಾಯೇ ಇವನನ್ನು ಅಂದರ್ ಹಾಕ್ಸಿತು, ನಿಮ್ಮ ಚಾಯೇ ಬಿಡ್ಸಿತು. ಥ್ಯಾಂಕ್ಸ್ ಯಾವುದಕ್ಕೆ ಹೇಳ್ಬೇಕು, ಅದನ್ನು ಕೇಳ್ಲಿಕ್ಕೆ ಬಂದೆ."

ಭಾವ ಸೀಲನ್ನು ಸರಿಯಾಗಿ ಇಡುವುದರಲ್ಲಿ ಮಗ್ನರಾದರು. ಅಕ್ಕ ಅಭ್ಯಾಸಬಲದಿಂದ ಒಳಗಿನಿಂದ ಟ್ರೇ ತಂದಳು. ಮಗ ಬಾಗಿಲ ಬಳಿಯಿಂದಲೇ ಹೇಳಿದ:

"ನಂಗೆ ಚಾ ಬೇಡ ಅಕ್ಕ. ನೀರು ಸಾಕು."